ತಂಬೂರಿಯ ದುಡಿಮೆ

ಹಾಡುವವನಿಗೂ ಹೊಟ್ಟೆ ಇದೆ ಎಂಬ ಮಾತನ್ನು ಎಲ್ಲ ರಸಿಕರೂ ಒಪ್ಪುತ್ತಾರೆ. ಆದರೆ ಆ ಹೊಟ್ಟೆಗೂ ಹಾಡಿನ ರೂಪಕ್ಕೂ ಸಂಬಂಧ ಉಂಟೆಂದರೆ ಹುಬ್ಬೇರಿಸುತ್ತಾರೆ. ಕಲೆ ಒಂದು ಕಡೆ, ಕಾಳು ಇನ್ನೊಂದು ಕಡೆ ಎಂಬುದು ನಮ್ಮ ಸಾಮಾನ್ಯ ಭಾವನೆ. ನಾನು ಹುಟ್ಟಿದ ಮನೆಯಲ್ಲಿ ಇವೆರಡೂ ಒಂದೇ ಜೋಳಿಗೆಯಲ್ಲಿದ್ದವು. ಆ ಜೋಳಿಗೆಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ದಾರಿಯ ಎಡಬಲದ ಹಳ್ಳಿಗಳಲ್ಲಿ ನನ್ನ ತಂದೆಯವರು ನೀಲಗಾರರಾಗಿ ಹಾಡುತ್ತಿದ್ದರು. ನೀಲಗಾರರೆಂದರೆ ಮಂಟೇಸ್ವಾಮಿಯ ಪರಂಪರೆಯಲ್ಲಿ ದೀಕ್ಷೆ ಪಡೆದು, ಆತನ ಮತ್ತು ಆತನ ಶಿಷ್ಯರಾದ ರಾಚಪ್ಪಾಜಿ, ಸಿದ್ದಪ್ಪಾಜಿಯವರ ಕಥೆಯನ್ನು ಹಾಡುವವರು. ಕಂಸಾಳೆ ಹಿಡಿದು ಮಲೆಮಹದೇಶ್ವರನನ್ನು ಹಾಡುವ ದೇವರಗುಡ್ಡರು ಬೇರೆ. ಅವರು ನಮ್ಮ ನೆರೆಯವರು. ನಮ್ಮ ಕೈಯ ವಾದ್ಯ ತಂಬೂರಿ. ಮುಖ್ಯ ಹಾಡುಗಾರ ಅದನ್ನು ಮೀಟುತ್ತ, ಗಗ್ಗರ ಆಡಿಸುತ್ತ ಕಥೆ ಹೇಳುತ್ತಾನೆ. ಡಕ್ಕೆ, ತಾಳ ಹಿಡಿದ ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ. ಇವರಲ್ಲಿ ಹೆಚ್ಚಿನವರು ದಲಿತರು. ಬೇರೆ ಜಾತಿಯವರೂ ಉಂಟು. ಒಬ್ಬ ಮಗನನ್ನು ಗುಡ್ಡನಾಗಿ ಬಿಡುತ್ತೇವೆಂದು ಹರಕೆ ಹೊತ್ತ ಮನೆಗಳಿಂದ ಮೇಳಕ್ಕೆ ಆಳು ಒದಗುತ್ತಿತ್ತು. ನಾನು ಹನ್ನೆರಡನೆಯ ವಯಸ್ಸಿನಲ್ಲಿ ಹಿಮ್ಮೇಳಕ್ಕೆ ನಿಂತೆ. ಮುಂದೆ ಶಾಲೆಯ ಉಪಾಧ್ಯಾಯನಾದೆ, ತಂಬೂರಿಯನ್ನು ಬಿಡಲಿಲ್ಲ.

ಈ ಕಸುಬಿಗೆ ಋತುಮಾನ ಉಂಟು. ಸುಗ್ಗಿ ಮುಗಿದು, ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಚಂದ್ರಮಂಡಲ ಹೊತ್ತಿಕೊಂಡಿತೆಂದರೆ ಅಲ್ಲಿಂದ ಮುಂಗಾರಿನವರೆಗೆ ನಮ್ಮ ರಾತ್ರಿಗಳು. ಮಳೆ ಬಿದ್ದ ಮೇಲೆ ತಂಬೂರಿ ಗೋಡೆಯ ಗೂಟಕ್ಕೆ, ತಂದೆಯವರು ಅನ್ಯರ ಹೊಲದ ಕಳೆಗೆ. ಹಾಡಿಕೆಯ ಮಾತುಕತೆ ಸಂತೆಯ ದಿನ ಗುಂಡ್ಲುಪೇಟೆಯ ಒಂದು ಚಹದಂಗಡಿಯ ಬೆಂಚಿನ ಮೇಲೆ ನಡೆಯುತ್ತಿತ್ತು. ಹರಕೆ ತೀರಿಸುವ ಮನೆ, ತಿಥಿಯ ಮನೆ, ಹೊಸದಾಗಿ ಕಟ್ಟಿದ ಮನೆ: ಎಲ್ಲಿಗಾದರೂ ಸರಿಯೆ. ಸಂಭಾವನೆಯೆಂದರೆ ಮೊರದ ತುಂಬ ರಾಗಿ, ಒಂದಿಷ್ಟು ಅವರೆಕಾಳು, ಎಲೆ ಅಡಿಕೆಯ ಮೇಲೆ ಕೈಲಾದ ಹಣ. ಬಂದುದನ್ನು ತಂದೆಯವರು ಐದು ಪಾಲು ಮಾಡುತ್ತಿದ್ದರು. ನಾಲ್ವರಿಗೆ ನಾಲ್ಕು; ಐದನೆಯದು ತಂಬೂರಿಯ ತಂತಿಗೆ, ಡಕ್ಕೆಯ ಚರ್ಮಕ್ಕೆ. ವಾದ್ಯವೂ ಮೇಳದ ಒಬ್ಬ ಆಳೆಂಬುದು ಅವರ ಲೆಕ್ಕ.

ಕರೆದ ಮನೆಯವರು ಧಾನ್ಯದ ಜೊತೆಗೆ ಇನ್ನೊಂದನ್ನೂ ಕೊಡುತ್ತಿದ್ದರು. ಅದು ಒಂದು ಇಡೀ ರಾತ್ರಿ. ನಮ್ಮ ಕಾವ್ಯ ಸಾಲು ಸಾಲಾಗಿ ವಿಂಗಡವಾಗಿದೆ. ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬಂದು ಶರಣರನ್ನು ಪರೀಕ್ಷಿಸುವುದು ಒಂದು ಸಾಲು. ಪಾಂಚಾಳರ ಮನೆಯ ಕೆಂಪಾಚಾರಿ ಸಿದ್ದಪ್ಪಾಜಿಯಾಗುವುದು ಇನ್ನೊಂದು. ಆತ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗುವುದು ಮತ್ತೊಂದು. ಇದು ಬಾಯಿಪಾಠ ಒಪ್ಪಿಸುವ ಕೆಲಸವಲ್ಲ. ಹಿಮ್ಮೇಳದ ಸೊಲ್ಲು ಸಾಗುವಷ್ಟರಲ್ಲಿ ಹಾಡುಗಾರ ಉಸಿರು ಹಿಡಿದು ಮುಂದಿನ ಮಾತನ್ನು ಕಟ್ಟಿಕೊಳ್ಳುತ್ತಾನೆ. ಮಗನನ್ನು ಕಳೆದುಕೊಂಡ ತಾಯಿ ಎದುರಿಗೆ ಕುಳಿತಿದ್ದರೆ, ಕೆಂಪಾಚಾರಿಯನ್ನು ಅಗಲುವ ತಾಯಿಯ ಅಳಲನ್ನು ತಂದೆಯವರು ಒಂದು ಗಳಿಗೆ ಬೆಳೆಸುತ್ತಿದ್ದರು. ಜನ ತೂಕಡಿಸಿದರೆ ಹಾಸ್ಯಕ್ಕೆ ಹೊರಳುತ್ತಿದ್ದರು. ಕೋಳಿ ಕೂಗುವ ಹೊತ್ತಿಗೆ ಕಥೆ ತಾನಾಗಿ ದಡ ಸೇರುತ್ತಿತ್ತು.

ಒಮ್ಮೆ ಪಟ್ಟಣದ ಒಂದು ಸಮಾರಂಭಕ್ಕೆ ನಮಗೆ ಕರೆ ಬಂದಿತು. ಅಲ್ಲಿಯ ಸಂಭಾವನೆ ಹಳ್ಳಿಯ ಮೂರು ರಾತ್ರಿಗಳ ಗಳಿಕೆಗಿಂತ ಹೆಚ್ಚು. ವೇದಿಕೆ ಹತ್ತುವಾಗ ಕಾರ್ಯಕರ್ತರೊಬ್ಬರು ಬಂದು, ಎಂಟು ನಿಮಿಷದಲ್ಲಿ ಮುಗಿಸಬೇಕೆಂದು ವಿನಯದಿಂದಲೇ ಹೇಳಿದರು. ತಂದೆಯವರು ಗುರುವನ್ನು ನೆನೆದರು, ಕೂಡಿದ ಜನರನ್ನು ನೆನೆದರು, ತಂಬೂರಿಯನ್ನು ನೆನೆದರು. ಗಂಟೆ ಬಾರಿಸಿತು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಕೆಳಗಿಳಿದ ಮೇಲೆ ಅವರು ನನ್ನ ಕಡೆ ತಿರುಗಿ, "ಸ್ವಾಮಿ ಇನ್ನೂ ಕಲ್ಯಾಣಕ್ಕೇ ಬಂದಿಲ್ಲವಲ್ಲೋ" ಎಂದರು. ಆ ಹಣದಲ್ಲಿ ಮನೆಯ ಸೂರಿಗೆ ಹೆಂಚು ಹೊದಿಸಿದೆವು ಎಂಬುದನ್ನೂ ಇಲ್ಲಿ ಹೇಳಬೇಕು.

ಬಹುಕಾಲದ ಮೇಲೆ ಮೈಸೂರಿನ ಸ್ನೇಹಿತರೊಬ್ಬರ ಮನೆಯಲ್ಲಿ ಬ್ಲೂಸ್ ಎಂಬ ಅಮೆರಿಕದ ಹಾಡುಗಳನ್ನು ಕೇಳಿದೆ. ಮಿಸಿಸಿಪ್ಪಿ ಸೀಮೆಯ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಅದು. ಒಂದು ಸಾಲನ್ನು ಎರಡು ಬಾರಿ ಹಾಡಿ, ಮೂರನೆಯದರಲ್ಲಿ ಮುಗಿಸುವುದು ಅದರ ಸಾಮಾನ್ಯ ಕಟ್ಟು. ಹಾಡಿದ ಸಾಲಿಗೆ ಗಿಟಾರು ಉತ್ತರ ಕೊಡುತ್ತದೆ, ನಮ್ಮ ಸೊಲ್ಲಿನಂತೆಯೇ. ಮಡ್ಡಿ ವಾಟರ್ಸ್ ಎಂಬ ಪ್ರಸಿದ್ಧ ಗಾಯಕನ ಹಾಡನ್ನು 1941ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಎಂಬ ವಿದ್ವಾಂಸರು ಮೊದಲು ಮುದ್ರಿಸಿಕೊಂಡಾಗ ಆತ ಸ್ಟೋವಾಲ್ ಎಂಬ ತೋಟದ ಕೂಲಿಯಾಳು. ನೃತ್ಯದ ಕೂಟಗಳಲ್ಲಿ ಎಷ್ಟು ಹೊತ್ತಾದರೂ ಬೆಳೆಯಬಲ್ಲ ಆ ಹಾಡುಗಳು, 1920ರ ದಶಕದಲ್ಲಿ ಗ್ರಾಮಫೋನು ತಟ್ಟೆಗೆ ಏರಿದಾಗ ಸುಮಾರು ಮೂರು ನಿಮಿಷಕ್ಕೆ ಇಳಿದವು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದೇ ಅಷ್ಟು.

ಆದರೆ ಅವರು ಆ ಮೂರು ನಿಮಿಷವನ್ನೇ ಒಂದು ಸೊಗಸಾದ ರೂಪವಾಗಿ ಮಾಡಿಕೊಂಡರು. ಆದುದರಿಂದ ಚಿಕ್ಕದೆಲ್ಲ ಕೆಟ್ಟದೆಂದು ನಾನು ಹೇಳಲಾರೆ. ಬಿಡಿ ಪದ್ಯಗಳ ಹಾಡು ಅದನ್ನು ತಾಳಿಕೊಳ್ಳಬಲ್ಲದು. ನಮ್ಮದು ಒಬ್ಬ ಮನುಷ್ಯ ಬದಲಾಗುವ ಕಥೆ. ಕೆಂಪಾಚಾರಿಯ ಮೊಂಡುತನ ಮಧ್ಯರಾತ್ರಿಯವರೆಗೆ ಕೇಳುವವರನ್ನು ಕಾಡಿದರೆ ಮಾತ್ರ ಬೆಳಗಿನ ಜಾವದ ಅವನ ಶರಣಾಗತಿಗೆ ಬೆಲೆ.

ಕಾವ್ಯ ಅಳಿಯಲಿಲ್ಲ. 1997ರಲ್ಲಿ ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ 'ಮಂಟೇಸ್ವಾಮಿ'ಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಆ ಉಪಕಾರ ದೊಡ್ಡದು. ಗ್ರಂಥ ಕಥೆಯನ್ನು ಕಾಪಾಡುತ್ತದೆ. ಎದುರಿಗೆ ಕುಳಿತ ತಾಯಿಯನ್ನು ನೋಡಿ ಕಥೆಯನ್ನು ಬೆಳೆಸುವ ಬುದ್ಧಿಯನ್ನು ಕಾಪಾಡುವುದು, ಒಂದು ರಾತ್ರಿಯನ್ನು ಕೊಟ್ಟು ಕೇಳುವ ಮನೆ ಮಾತ್ರ. ಕಲಾವಿದರಿಗೆ ಮಾಸಾಶನ ಬೇಕು, ನಿಜ. ಅದರೊಡನೆ ಇಂಥ ರಾತ್ರಿಗಳೂ ಬೇಕು.

ಈಚೆಗೆ ಚಾಮರಾಜನಗರದ ಬಳಿ ಅರಿಸಿನ ಬೆಳೆಯುವ ರೈತರೊಬ್ಬರು ನಮ್ಮನ್ನು ಹರಕೆಗೆ ಕರೆದಿದ್ದರು. ಹಿಮ್ಮೇಳಕ್ಕೆ ಇಬ್ಬರು ಹುಡುಗರು. ಒಬ್ಬ ಹಗಲು ಆಟೋ ಓಡಿಸುವವನು, ಇನ್ನೊಬ್ಬ ಗಾರೆ ಕೆಲಸದವನು. ಬೆಳಗಿನ ಜಾವ ಮೂರಾದರೂ ಸಿದ್ದಪ್ಪಾಜಿ ಹಲಗೂರು ಮುಟ್ಟಿರಲಿಲ್ಲ. ಆಟೋದ ಹುಡುಗ ಮೆಲ್ಲನೆ ಗಡಿಯಾರ ನೋಡಿದ. ಮನೆಯ ಯಜಮಾನಿ ಎದ್ದು ಹೋಗಿ ಒಲೆಯ ಮೇಲೆ ಮತ್ತೊಮ್ಮೆ ಚಹಕ್ಕೆ ನೀರಿಟ್ಟರು. ನಾನು ತಂಬೂರಿಯ ತಂತಿಯನ್ನು ಬಿಗಿಮಾಡಿಕೊಂಡೆ.