ಬಿದಿರು ಮೆಳೆಗೆ ಮುಳ್ಳು ಬೇಕು

ಉತ್ತರ ಕನ್ನಡದ ಕಾಡಿನಲ್ಲಿ ಹೆಬ್ಬಿದಿರು ಮೆಳೆಯ ಬುಡಕ್ಕೆ ಕೈ ಹಾಕುವುದು ಸುಲಭವಲ್ಲ. ಗಿಣ್ಣುಗಳಿಂದ ಹೊರಟ ಮುಳ್ಳುಕಡ್ಡಿಗಳು ಆಳೆತ್ತರದವರೆಗೂ ಒಂದಕ್ಕೊಂದು ಸಿಕ್ಕಿಕೊಂಡು ಗಳಗಳನ್ನು ಸುತ್ತುವರಿದಿರುತ್ತವೆ. ಮಳೆ ಹಿಡಿದ ಮೇಲೆ ಕಳಲೆ ಮೂಡುವುದು ಆ ಸಿಕ್ಕಿನ ನಡುವೆಯೇ. ಒರಟು ಸಿಪ್ಪೆ ಹೊದ್ದ, ಚೂಪು ತುದಿಯ ಈ ಮೊಳಕೆ ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರಕ್ಕೆ ಏರಿಬಿಡುತ್ತದೆ; ಆಮೇಲಿನ ವರ್ಷಗಳಲ್ಲಿ ಬಲಿಯುವುದಷ್ಟೇ, ಬೆಳೆಯುವುದಿಲ್ಲ. ಮೊದಲ ಕೆಲವು ವಾರ ದನ, ಮಂಗ, ಮುಳ್ಳುಹಂದಿಗಳ ಬಾಯಿಗೆ ಬೀಳದೆ ಉಳಿದರೆ ಮಾತ್ರ ಅದು ಗಳವಾದೀತು. ಮಲೆನಾಡಿನ ಅಡುಗೆಮನೆಯನ್ನೂ ಈ ಪಟ್ಟಿಗೆ ಸೇರಿಸುವುದು ನ್ಯಾಯ.

ತೇಗದ ನೆಡುತೋಪಿನ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ಕಾಲದ ಅರಣ್ಯಾಡಳಿತಕ್ಕೆ ಬಿದಿರು ಬರೀ ಕಳೆಯಾಗಿತ್ತು. ಅದರಿಂದ ಕಾಗದ ಮಾಡಬಹುದೆಂದು ಗೊತ್ತಾದ ಮೇಲೆ ಅದೇ ಕಳೆ ಕಚ್ಚಾಮಾಲಾಯಿತು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ಗೆ 1958ರ ಒಪ್ಪಂದದಲ್ಲಿ ಗೊತ್ತುಮಾಡಿದ ದರ ಟನ್ನಿಗೆ ಒಂದೂವರೆ ರೂಪಾಯಿ. ಮೊರ, ಬುಟ್ಟಿ, ತಟ್ಟಿ, ತೊಟ್ಟಿಲು, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ ಹೆಣೆಯುವ ಮೇದಾರರು ಪೇಟೆಯಲ್ಲಿ ಇದೇ ಬಿದಿರಿಗೆ ಅದರ ಹಲವು ಪಟ್ಟು ಬೆಲೆ ತೆರುತ್ತಿದ್ದರು. ಪುಕ್ಕಟೆಯೆಂಬಷ್ಟು ಅಗ್ಗಕ್ಕೆ ಸಿಕ್ಕ ಸರಕನ್ನು ಉಳಿಸಿ ಬಳಸುವ ಗರಜು ಯಾವ ಕಾರ್ಖಾನೆಗೂ ಇರುವುದಿಲ್ಲ. ಕಾಡು ವರ್ಷಕ್ಕೆ ಎಷ್ಟು ಬಿದಿರು ಕೊಟ್ಟೀತು ಎಂದು ಮೊದಲು ಹಾಕಿದ ಲೆಕ್ಕವೂ ವಾಸ್ತವಕ್ಕಿಂತ ಬಹಳ ದೊಡ್ಡದಾಗಿತ್ತು. ಹತ್ತಿರದ ಮೆಳೆಗಳು ಬರಿದಾದಂತೆ ಗಿರಣಿ ಹೊರರಾಜ್ಯಗಳ ಬಿದಿರಿಗೆ, ಕ್ರಮೇಣ ನೀಲಗಿರಿಗೆ ಕೈಚಾಚಿತು.

ಬಿದಿರು ಸಿಗುತ್ತಿಲ್ಲವೆಂಬ ಮೇದಾರರ ದೂರು ಜೋರಾದಾಗ ರಾಜ್ಯ ಸರ್ಕಾರ ಅಧ್ಯಯನ ಮಾಡಿಸಲು ಮುಂದಾಯಿತು. 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಈ ಕೆಲಸಕ್ಕೆ ಇಳಿದರು; ಮೆಳೆಗಳ ಕ್ಷೇತ್ರಾಧ್ಯಯನದಲ್ಲಿ ಎಸ್. ನರೇಂದ್ರ ಪ್ರಸಾದ್ ಜೊತೆಯಾದರು. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಸೋಜಿಗದ್ದು ಮುಳ್ಳಿನ ವಿಚಾರ. ಮೆಳೆಯ ಬುಡದ ಮುಳ್ಳುಕಂಟಿ ಸವರಿ ತೆಗೆದರೆ ಒತ್ತು ಕಡಿಮೆಯಾಗಿ ಹೊಸ ಗಳಗಳು ಸಲೀಸಾಗಿ ಏಳುತ್ತವೆ ಎಂಬುದು ಇಲಾಖೆಯ ನಂಬಿಕೆ; ಹಾಗೇ ಮಾಡಿಸಲಾಗುತ್ತಿತ್ತು ಕೂಡ. ಊರವರು ಹೇಳುತ್ತಿದ್ದುದು ತದ್ವಿರುದ್ಧ: ಮುಳ್ಳು ಮೆಳೆಯ ಬೇಲಿ, ಅದನ್ನು ಕಿತ್ತರೆ ಕಳಲೆ ದನದ ಪಾಲು. ಮೆಳೆಗಳಲ್ಲಿ ಕಳಲೆ ಎಣಿಸಿ, ಎಷ್ಟು ಉಳಿದವು, ಎಷ್ಟು ಮೇವಾದವು ಎಂದು ನೋಡಿದಾಗ ಊರವರ ಮಾತೇ ನಿಜವಾಯಿತು. ಸವರಿದ ಮೆಳೆಗಳು ಸೊರಗುತ್ತಿದ್ದವು. ಪುಸ್ತಕದ ವಿದ್ಯೆಯ ಅರಣ್ಯಶಾಸ್ತ್ರಕ್ಕೆ ದನ ಮೇಯಿಸುವವರಿಗೆ ಗೊತ್ತಿದ್ದಷ್ಟೂ ಗೊತ್ತಿರಲಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕಿಂತ ಸರಳ ಕಾರಣವೂ ಇದ್ದೀತು: ಮುಳ್ಳು ಸವರಿದರೆ ಕಡಿಯುವವರಿಗೆ ಕೆಲಸ ಹಗುರ.

ಹಾಗೆಂದು ಮೇದಾರರನ್ನು ಕಾಡಿನ ಕಾವಲುಗಾರರೆಂದು ಕೊಂಡಾಡಬೇಕಿಲ್ಲ. ದಬ್ಬೆ ಸೀಳಿ ನೇಯಲು ಬಳುಕುವ ಎಳೆ ಬಿದಿರೇ ಬೇಕು. ಹೊಸ ಮೊಳಕೆಗೆ ಆಹಾರ ಒದಗುವುದು ನೆಲದಡಿಯ ಗೆಡ್ಡೆ ಮತ್ತು ಹಳೆಯ ಗಳಗಳಿಂದ. ಎಳೆಯದನ್ನೇ ಕಡಿಯುತ್ತ ಹೋದರೂ ಎಲ್ಲವನ್ನೂ ಬೋಳಿಸಿದರೂ ಮೆಳೆ ಬಡವಾಗುತ್ತದೆ. ಆದರೆ ಹೆಗಲ ಮೇಲಿನ ಹೊರೆಯನ್ನೂ ಲಾರಿಗಟ್ಟಲೆ ಸಾಗಿಸಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗಿರಣಿಗಳ ಹಸಿವು ಅಷ್ಟಕ್ಕೇ ನಿಲ್ಲಲಿಲ್ಲ. ಸರ್ಕಾರಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿದವು. ದನ ಮೇಯುತ್ತಿದ್ದ, ಸೌದೆ ಸೊಪ್ಪು ತರುತ್ತಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿಯಂಥ ತೋಪುಗಳಿಗಾಗಿ ಅದಕ್ಕೆ ಕೊಡುವ ಏರ್ಪಾಡಾಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು, ಹಣ್ಣು ಮೇವು ಕೊಡುವ ಊರ ಗಿಡ ಹಚ್ಚಿದರು. 1991ರಲ್ಲಿ ಕಂಪನಿ ಮುಚ್ಚಿತು.

ಬಿದಿರು ಕಾಡನ್ನು ಮರಳಿ ತರುವುದಕ್ಕೆ ಸಸಿ ನೆಡುವ ಸಮಾರಂಭಗಳಿಗಿಂತ ಸಂಯಮ ಹೆಚ್ಚು ಬೇಕು. ಮುಳ್ಳು ಮುಟ್ಟಬಾರದು, ಮಳೆಗಾಲದಲ್ಲಿ ಕಡಿಯಬಾರದು, ಬಲಿತ ಗಳಗಳಲ್ಲೂ ಒಂದಷ್ಟನ್ನು ಬಿಡಬೇಕು. ಹೆಬ್ಬಿದಿರು ನಾಲ್ಕೈದು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಸಾಯುತ್ತದೆ. ಉದುರಿದ ಬಿದಿರಕ್ಕಿಯಿಂದ ಮೊದಲ ಮಳೆಗೆ ಹುಲ್ಲಿನಂತೆ ಸಸಿ ಏಳುತ್ತದೆ. ಆಗ ಕೆಲವು ವರ್ಷ ಬೆಂಕಿ ಮತ್ತು ದನಗಳನ್ನು ದೂರ ಇಟ್ಟರೆ ಕಾಡು ತಾನೇ ಹುಟ್ಟುತ್ತದೆ. ಅಷ್ಟು ಕಾಲ ಕಾಯುವ ಮನಸ್ಸು ಯಾರಿಗಿದ್ದೀತೆಂದರೆ, ಕೊನೆಗೆ ಆ ಬಿದಿರು ಯಾರ ಕೈ ಸೇರುತ್ತದೆಂದು ಗೊತ್ತಿರುವವರಿಗೆ.

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿತು. ಆದರೂ ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಗೊಂಡರ ಹಳ್ಳಿ ಮೇಂಢಾ-ಲೇಖಾದ ಗ್ರಾಮಸಭೆಗೆ ಬಿದಿರು ಸಾಗಿಸುವ ಪರವಾನಗಿ ಪುಸ್ತಕ ಸಿಗಲು 2011ರ ವರೆಗೆ ಕಾಯಬೇಕಾಯಿತು. 2017ರಲ್ಲಿ ಕೇಂದ್ರ ಸರ್ಕಾರ ಕಾನೂನು ತಿದ್ದಿ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ದ ಪಟ್ಟಿಯಿಂದ ಕೈಬಿಟ್ಟಿತು. ಹೊಲದ ಅಂಚಿನಲ್ಲಿ ಬಿದಿರು ಹಾಕಿದ ರೈತನಿಗೆ ಇದರಿಂದ ಕಡಿಯಲು, ಮಾರಲು ಸಲೀಸಾಯಿತು. ಜಮೀನಿಲ್ಲದ ಬುಟ್ಟಿ ಹೆಣೆಯುವವನು ಮಾತ್ರ ಆ ರೈತನಿಂದ ಕೊಳ್ಳಬೇಕು, ಇಲ್ಲವೇ ಕಾಡಿನ ಬಿದಿರಿಗಾಗಿ ಮೊದಲಿನ ಹಾಗೇ ಇಲಾಖೆಯ ಡಿಪೋಗೆ ಹೋಗಬೇಕು.