ತಾಳೆಯ ಅಂಕಿ

ಬೈಕಂಪಾಡಿಯು ಮಂಗಳೂರು ನಗರದ ಉತ್ತರ ಭಾಗದ ಕೈಗಾರಿಕಾ ಪ್ರದೇಶ. 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರು ಅದರ ಸಮೀಪದಲ್ಲೇ, ಪಣಂಬೂರಿನಲ್ಲಿದೆ. ಬಂದರಿನ ಮೂಲಕ ಸಾಗುವ ಸರಕಿನ ಪೆಟ್ಟಿಗೆಗಳನ್ನು, ಅಂದರೆ ಕಂಟೇನರುಗಳನ್ನು, ನೋಡಿದವರು ಒಂದು ವಿಶೇಷವನ್ನು ಗಮನಿಸಿರಬಹುದು. ಪ್ರತಿಯೊಂದರ ಮೇಲೂ ನಾಲ್ಕು ಅಕ್ಷರಗಳು, ಆರು ಅಂಕಿಗಳು ಇದ್ದು, ಕೊನೆಗೆ ಚೌಕದೊಳಗೆ ಇನ್ನೊಂದು ಅಂಕಿ ಒಂಟಿಯಾಗಿ ನಿಂತಿರುತ್ತದೆ. ಇದು ತಾಳೆಯ ಅಂಕಿ.

ಇದನ್ನು ಪಡೆಯುವ ಕ್ರಮ ಸರಳವಾದುದು. ಅಕ್ಷರಗಳಿಗೂ ಗೊತ್ತುಪಡಿಸಿದ ಬೆಲೆಗಳುಂಟು. ಮೊದಲ ಸ್ಥಾನದ ಬೆಲೆಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 4ರಿಂದ, ಹೀಗೆ ಇಮ್ಮಡಿಸುತ್ತ ಹತ್ತನೆಯದನ್ನು 512ರಿಂದ ಗುಣಿಸಬೇಕು. ಎಲ್ಲವನ್ನೂ ಕೂಡಿ 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಅಂಕಿ. ಶೇಷವು 10 ಆದರೆ 0 ಎಂದು ಬರೆಯುತ್ತಾರೆ. ಗುಣಿಸುವುದೇಕೆ? ಬರಿಯ ಕೂಡಿಕೆಯಲ್ಲಿ 38ರ ಅಂಕಿಗಳೂ 83ರ ಅಂಕಿಗಳೂ ಒಂದೇ ಮೊತ್ತವನ್ನು ಕೊಡುತ್ತವೆ. ಗುಮಾಸ್ತನು ಅವಸರದಲ್ಲಿ ಅಂಕಿಗಳನ್ನು ಹಿಂದುಮುಂದಾಗಿಸಿದರೆ ತಪ್ಪು ಅಡಗಿಹೋಗುತ್ತದೆ. ಸ್ಥಾನಕ್ಕೊಂದು ತೂಕವಿದ್ದರೆ ಅದು ಬಹುಮಟ್ಟಿಗೆ ಬಯಲಾಗುತ್ತದೆ.

ಕಂಪ್ಯೂಟರಿನ ಕಡತವೂ ಸಂಖ್ಯೆಗಳ ಸಾಲೇ. ಬರಹವಿರಲಿ, ಚಿತ್ರವಿರಲಿ, ಒಳಗಿರುವುದು ಬೈಟುಗಳು. ಒಂದೊಂದು ಬೈಟೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಕಡತದ ತಾಳೆಯ ಮೊತ್ತಕ್ಕೆ ಚೆಕ್‌ಸಮ್ ಎಂದು ಹೆಸರು. ಪೈಥಾನ್ ಎಂಬ ಕ್ರಮವಿಧಿ ಭಾಷೆಯಲ್ಲಿ ಇದನ್ನು ಲೆಕ್ಕಹಾಕಲು ಹ್ಯಾಶ್‌ಲಿಬ್ ಎಂಬ ಸಿದ್ಧ ಸಾಧನವಿದೆ. ಕಡತವನ್ನು ಅಕ್ಷರಗಳಾಗಿ ಅಲ್ಲ, ಬೈಟುಗಳಾಗಿಯೇ ತೆರೆಯಬೇಕು. ದೊಡ್ಡ ಕಡತವನ್ನು ಒಮ್ಮೆಗೇ ಯಂತ್ರದ ಸ್ಮೃತಿಗೆ ತುಂಬದೆ, ತುಣುಕು ತುಣುಕಾಗಿ ಓದಿ ಲೆಕ್ಕಕ್ಕೆ ಸೇರಿಸುತ್ತ ಹೋಗಬೇಕು. ಎಸ್‌ಎಚ್‌ಎ-256 ವಿಧಾನದಲ್ಲಿ ಕಡತವು ಎಷ್ಟೇ ದೊಡ್ಡದಿದ್ದರೂ ಫಲವನ್ನು 64 ಚಿಹ್ನೆಗಳಲ್ಲಿ ಬರೆಯಬಹುದು. ಒಂದು ಅಲ್ಪವಿರಾಮ ಬದಲಾದರೂ ಆ ಫಲವು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಕಳುಹಿಸಿದವನ ಫಲವೂ ಪಡೆದವನ ಫಲವೂ ತಾಳೆಯಾದರೆ ಕಡತವು ಕೆಡದೆ ತಲುಪಿತೆಂದು ನಂಬಬಹುದು.

ಆದರೆ ಕೈತಪ್ಪು ಬೇರೆ, ಕಪಟ ಬೇರೆ. ಪೆಟ್ಟಿಗೆಯ ಸಂಖ್ಯೆಯನ್ನು ಬೇಕೆಂದೇ ತಿದ್ದುವವನು ತಾಳೆಯ ಅಂಕಿಯನ್ನೂ ಹೊಸದಾಗಿ ಲೆಕ್ಕಹಾಕಿ ಬರೆಯಬಲ್ಲನು. ಒಂದು ಕಾಲಕ್ಕೆ ಗಟ್ಟಿಯೆನಿಸಿದ್ದ ಎಂಡಿ5 ವಿಧಾನದಲ್ಲಿಯೂ ಎರಡು ಬೇರೆ ಬೇರೆ ದತ್ತಾಂಶಗಳು ಒಂದೇ ಫಲವನ್ನು ಕೊಡುವಂತೆ ಮಾಡಬಹುದೆಂದು ಚೀನದ ವಿದ್ವಾಂಸರು 2004ರಲ್ಲಿ ತೋರಿಸಿಕೊಟ್ಟರು. ಆದುದರಿಂದ ವಿಧಾನವು ಬಲವಾಗಿದ್ದರಷ್ಟೇ ಸಾಲದು. ತಾಳೆ ನೋಡುವ ಮೊತ್ತವು ನಂಬಿಕೆಯುಳ್ಳ ಬೇರೊಂದು ದಾರಿಯಿಂದ ಬರಬೇಕು.

ಪೆಟ್ಟಿಗೆಯ ಮೇಲಿನ ಅಂಕಿಯು ಒಳಗಿನ ಸರಕು ಒಳ್ಳೆಯದೆಂದು ಹೇಳುವುದಿಲ್ಲ. ಹಾಗೆಯೇ ಚೆಕ್‌ಸಮ್ ಕೂಡ ಬರಹವು ಬದಲಾಗಿಲ್ಲವೆಂದು ಸೂಚಿಸಬಲ್ಲುದೇ ಹೊರತು, ಅದು ನಿಜವೆಂದು ಸಾಕ್ಷಿ ನುಡಿಯಲಾರದು. ಆ ಪರೀಕ್ಷೆ ಓದುವವನದು.