ಹಳದಿ ದೀಪದೊಳಗಿನ ಡಿಕ್ಕಿ

ಎಲ್‌ಇಡಿ ಬರುವ ಮುಂಚೆ ರಾತ್ರಿ ಬಸ್ಸಿನಲ್ಲಿ ಮದ್ದೂರಿಗೆ ಬಂದಿಳಿದವರಿಗೆ ಬೀದಿಯ ಸೋಡಿಯಂ ದೀಪಗಳ ಹಳದಿ ಬೆಳಕು ನೆನಪಿರಬಹುದು. ಆ ಬೆಳಕು ಹುಟ್ಟುತ್ತಿದ್ದುದು ಡಿಕ್ಕಿಯಿಂದ. ಕೊಳವೆಯೊಳಗೆ ವಿದ್ಯುತ್ತಿನ ಸೆಳೆತಕ್ಕೆ ಓಡುವ ಎಲೆಕ್ಟ್ರಾನು ಸೋಡಿಯಂ ಪರಮಾಣುವಿಗೆ ಬಡಿದು 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟರೆ, ಪರಮಾಣುವಿನ ಹೊರಗಿನ ಎಲೆಕ್ಟ್ರಾನು ಒಂದು ಮೆಟ್ಟಿಲು ಮೇಲೇರುತ್ತದೆ. ಅದು ಕೆಳಗಿಳಿಯುವಾಗ 589 ನ್ಯಾನೊಮೀಟರ್ ಆಸುಪಾಸಿನ ಹಳದಿ ಬೆಳಕು ಹೊಮ್ಮುತ್ತದೆ.

ಇಂಥ ಡಿಕ್ಕಿ ಎಷ್ಟು ಸಲ ಆದೀತು? ಅದನ್ನು ಹೇಳುವ ಅಳತೆಗೆ ‘ಅಡ್ಡಕೊಯ್ತ’ ಎಂದು ಹೆಸರು. ಎಲೆಕ್ಟ್ರಾನಿಗೆ ಪರಮಾಣು ಒಡ್ಡುವ ಗುರಿಯ ವಿಸ್ತೀರ್ಣ ಅದು. ಅದರ ಮಾನ ಚದರ ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು.

ಮದ್ದೂರು ಮಾರುಕಟ್ಟೆಯ ಎಳನೀರಿಗೆ ಕಲ್ಲನ್ನು ಮೆಲ್ಲಗೆ ಎಸೆದರೂ ಬೀಸಿ ಎಸೆದರೂ ಕಾಯಿಯ ಗಾತ್ರ ಅಷ್ಟೇ. ಪರಮಾಣು ಹಾಗಲ್ಲ. ಬರುವ ಎಲೆಕ್ಟ್ರಾನಿನ ವೇಗ ಬದಲಾದಂತೆ ಗುರಿಯ ವಿಸ್ತೀರ್ಣವೂ ಬದಲಾಗುತ್ತದೆ. ಹೊಳಪಿನ ಮಟ್ಟಿಗೆ ಎಲೆಕ್ಟ್ರಾನಿನ ಶಕ್ತಿ 2.1 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆಯಾದರೆ ಗುರಿಯೇ ಇಲ್ಲ. ಸೋಡಿಯಂನಂಥ ಲೋಹಗಳಲ್ಲಿ ಹೊರಗಿನ ಎಲೆಕ್ಟ್ರಾನಿನ ಹಿಡಿತ ಸಡಿಲ. ಹತ್ತಿರ ಬಂದ ಎಲೆಕ್ಟ್ರಾನಿನ ಪ್ರಭಾವಕ್ಕೆ ಸೋಡಿಯಂ ಪರಮಾಣು ಹೀಲಿಯಂಗಿಂತ ನೂರು ಪಟ್ಟಿಗೂ ಹೆಚ್ಚು ಸುಲಭವಾಗಿ ಆಕಾರ ಬದಲಿಸುತ್ತದೆ.

ಈ ಗುರಿಯನ್ನು ಅಳೆಯುವುದು ಹೇಗೆ? ಹೀಲಿಯಂ ಸಿಲಿಂಡರಿನಲ್ಲಿ ಸಿಗುವ ಅನಿಲ. ಲೋಹವನ್ನಾದರೋ ನಿರ್ವಾತದ ಒಲೆಯಲ್ಲಿ ಕಾಯಿಸಿ ಆವಿ ಮಾಡಬೇಕು. ಸಣ್ಣ ರಂಧ್ರದಿಂದ ಹೊರಟ ಆವಿಯ ಎಳೆಗೆ ಅಡ್ಡವಾಗಿ ಎಲೆಕ್ಟ್ರಾನುಗಳ ಎಳೆಯನ್ನು ಹಾಯಿಸಿ, ಯಾವ ಕೋನಕ್ಕೆ ಎಷ್ಟು ಚದುರಿದವು, ಎಷ್ಟು ಬೆಳಕು ಬಂತು ಎಂದು ಎಣಿಸುತ್ತಾರೆ. ನಿಜವಾದ ಕಷ್ಟ ಆಮೇಲಿನದು: ಆವಿಯಲ್ಲಿ ಎಷ್ಟು ಪರಮಾಣುಗಳಿದ್ದವು ಎಂಬುದು ಖಚಿತವಾಗಿ ತಿಳಿಯದೆ ಎಣಿಕೆ ವಿಸ್ತೀರ್ಣವಾಗದು.

ಇಲ್ಲಿ ಲೆಕ್ಕ ಕೈಹಿಡಿಯುತ್ತದೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1926ರಲ್ಲಿ ಡಿಕ್ಕಿಗಳಿಗೆ ಕ್ವಾಂಟಂ ಲೆಕ್ಕ ಕಟ್ಟಿಕೊಟ್ಟರು. ಅತಿ ವೇಗದ ಎಲೆಕ್ಟ್ರಾನುಗಳ ವಿಷಯದಲ್ಲಿ ಅದು ನಂಬಿಕಸ್ಥ. 1972ರಲ್ಲಿ ಎನೆಮಾರ್ಕ್ ಮತ್ತು ಗ್ಯಾಲಗರ್ ಎಂಬ ವಿಜ್ಞಾನಿಗಳು ಸೋಡಿಯಂ ಹಳದಿಯನ್ನು ಅಳೆದಾಗ, ಹೆಚ್ಚಿನ ವೇಗದಲ್ಲಿ ಕಂಡ ಬೆಳಕನ್ನು ಬಾರ್ನ್ ಲೆಕ್ಕಕ್ಕೆ ಹೊಂದಿಸಿ, ಅದೇ ಅಳತೆಗೋಲಿನಿಂದ ಕಡಿಮೆ ವೇಗದ ಬೆಲೆಗಳನ್ನು ಪಡೆದರು. ನಿಧಾನದ ಎಲೆಕ್ಟ್ರಾನಿಗೆ ಬಾರ್ನ್ ಲೆಕ್ಕ ಸಾಲದು. ಪರಮಾಣುವಿನ ಅನೇಕ ಮಟ್ಟಗಳನ್ನು ಒಟ್ಟಿಗೆ ಹೆಣೆದು ಕಂಪ್ಯೂಟರಿನಲ್ಲಿ ಬಿಡಿಸಬೇಕು. ಆ ಲೆಕ್ಕ ಸರಿಯೇ ಎಂದು ಒರೆಗೆ ಹಚ್ಚುವುದು ಮತ್ತೆ ಪ್ರಯೋಗವೇ.

ಇದೇ ಬಾರ್ನ್, ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲ ತಿಂಗಳಿದ್ದರು. ಆ ಊರಿಗೆ 1905ರಲ್ಲಿ ಮೊದಲು ವಿದ್ಯುತ್ ದೀಪ ಹಚ್ಚಿದ್ದು ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ನೀರು.

ಯಾವ ಎಲೆಕ್ಟ್ರಾನು ಯಾವ ಪರಮಾಣುವನ್ನು ಬೆಳಗಿಸುತ್ತದೆಂದು ಹೇಳಲು ಆಗದು, ಎಷ್ಟು ಸಂಭವ ಎಂದಷ್ಟೇ ಹೇಳಬಹುದು. ಡಿಕ್ಕಿಯ ಲೆಕ್ಕ ಮಾಡುತ್ತಲೇ ಬಾರ್ನ್ ಕಂಡ ಈ ಮಾತಿಗೆ 1954ರಲ್ಲಿ ನೊಬೆಲ್ ಬಂತು. ಒಂದೊಂದು ಡಿಕ್ಕಿಯೂ ಅನಿಶ್ಚಿತ. ಕೋಟಿ ಕೋಟಿ ಡಿಕ್ಕಿ ಸೇರಿದಾಗ ಮಾತ್ರ ಆ ಸಂಭವವೇ ಬೀದಿಯಲ್ಲಿ ಅಲುಗದೆ ಉರಿಯುವ ಹಳದಿ ಬೆಳಕಾಗುತ್ತದೆ.